ಹೊಳೆ, ಅಣೆಕಟ್ಟು, ಬಾವಿ: ಊರಿನ ತಿಂಗಳ ನೀರಿನ ಲೆಕ್ಕ ಬರೆಯುವ ಬಗೆ

ಏಪ್ರಿಲ್ ಬಂತೆಂದರೆ ಉಡುಪಿಯಲ್ಲಿ ಸೆಖೆಯ ಬೆನ್ನಿಗೇ ಇನ್ನೊಂದು ಮಾತು ಶುರುವಾಗುತ್ತದೆ. ‘ಬಜೆಯಲ್ಲಿ ಎಷ್ಟುಂಟಂತೆ?’ ಮಂಗಳೂರಿನವರಾದರೆ ಇದೇ ಪ್ರಶ್ನೆಯನ್ನು ತುಂಬೆಯ ಹೆಸರು ಹಾಕಿ ಕೇಳುತ್ತಾರೆ. ಬಜೆ ಎಂದರೆ ಉಡುಪಿಗೆ ನೀರು ಕೊಡುವ ಸ್ವರ್ಣೆಯ ಅಣೆಕಟ್ಟು, ತುಂಬೆ ಮಂಗಳೂರಿಗೆ ನೀರು ಕೊಡುವ ನೇತ್ರಾವತಿಯ ಅಣೆಕಟ್ಟು. ಪತ್ರಿಕೆಯ ಮೂಲೆಯಲ್ಲಿ ಮೂರು ಮೀಟರ್ ಎಂದು ಬಂದಿರುತ್ತದೆ. ಆರರಲ್ಲಿ ಮೂರು ಉಳಿದಿದೆ, ಅರ್ಧ ಇದೆಯಲ್ಲ ಎಂದು ನಾವು ಚಾ ಕುಡಿದು ಏಳುತ್ತೇವೆ. ಆದರೆ ಆ ಮೂರು ಮೀಟರ್ ಅರ್ಧ ಅಲ್ಲ, ಕಾಲು ಭಾಗದ ಹತ್ತಿರ. ಯಾಕೆಂದು ಮುಂದೆ ಲೆಕ್ಕ ಹಾಕಿ ತೋರಿಸುತ್ತೇನೆ.

ಹಿರಿಯಡ್ಕದ ಕಡೆಯ ನಮ್ಮ ವಠಾರಕ್ಕೆ ನಾನು ತಿಂಗಳಿಗೊಂದು ಪುಟ ನೀರಿನ ವರದಿ ಬರೆಯುತ್ತೇನೆ. ನಾನು ಎಂಜಿನಿಯರ್ ಅಲ್ಲ, ತೋಟ ಇರುವ ಮನುಷ್ಯ. ಈ ಕೆಲಸಕ್ಕೆ ಬೇಕಾದದ್ದು ಒಂದು ಟೇಪು, ಒಂದು ಮಳೆಮಾಪಕ, ಗಡಿಯಾರ, ಒಂದು ತೆಂಗಿನ ಗರಟೆ ಮತ್ತು ದಪ್ಪ ರಟ್ಟಿನ ನೋಟ್‌ಬುಕ್ಕು. ಹೊತ್ತು ಹೆಚ್ಚು ಬೇಡ, ದಿನಾ ಮಳೆ ಓದುವುದೊಂದನ್ನು ಬಿಟ್ಟರೆ ತಿಂಗಳಿಗೆ ಒಂದು ಬೆಳಗ್ಗೆ ಮತ್ತು ಒಂದು ಸಂಜೆ. ಆದರೆ ಒಂದು ತಿಂಗಳನ್ನೂ ಬಿಡಬಾರದು. ಬಿಟ್ಟರೆ ಆ ತಿಂಗಳು ಮತ್ತೆ ಸಿಗಬೇಕಾದರೆ ಒಂದು ವರ್ಷ ಕಾಯಬೇಕು.

ಪುಸ್ತಕ ತೆರೆಯುವುದು ಜೂನ್ 1ಕ್ಕೆ

ಜನವರಿಯಿಂದ ಶುರು ಮಾಡಬೇಡಿ. ನಮ್ಮ ನೀರಿನ ವರ್ಷ ಹುಟ್ಟುವುದು ಜೂನ್‌ನಲ್ಲಿ, ಮುಗಿಯುವುದು ಮೇ ಕೊನೆಗೆ. ಜಲವಿಜ್ಞಾನಿಗಳೂ ಹೀಗೇ ಎಣಿಸುತ್ತಾರೆ. ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ತುಳುನಾಡಿನ ಯಕ್ಷಗಾನ, ಕೋಲಗಳು ಮುಗಿಯುವ ದಿನ) ಕಳೆದು ಗೆಜ್ಜೆ ಬಿಚ್ಚಿಟ್ಟು ಮಳೆಗೆ ಕಾಯುವ ನಮ್ಮ ಹಿರಿಯರ ಲೆಕ್ಕವೂ ಹೆಚ್ಚುಕಡಿಮೆ ಅದೇ. ಮುಂಗಾರು ಕೇರಳಕ್ಕೆ ಬರುವ ವಾಡಿಕೆಯ ದಿನ ಜೂನ್ 1, ನಮ್ಮ ಕರಾವಳಿಗೆ ಇನ್ನೂ ನಾಲ್ಕಾರು ದಿನ. 2019 ಮತ್ತು 2023ರಲ್ಲಿ ಕೇರಳಕ್ಕೆ ಅದು ಕಾಲಿಟ್ಟದ್ದೇ ಜೂನ್ 8ಕ್ಕೆ. ಆ ಎರಡೂ ವರ್ಷ ಮೇ ತಿಂಗಳಲ್ಲಿ ಮಂಗಳೂರಿನಲ್ಲಿ ಸರದಿಯ ಮೇಲೆ ನೀರು ಬಿಡಬೇಕಾಯಿತು. 2019ರಲ್ಲಿ ಸ್ವರ್ಣೆ ಬತ್ತಿ, ಬಜೆಗೆ ನೀರು ಸಾಲದೆ, ಹೊಳೆಯ ಮೇಲ್ಭಾಗದ ಗುಂಡಿಗಳಲ್ಲಿ ನಿಂತ ನೀರನ್ನು ಪಂಪು ಮಾಡಿ ತರುವ ಸ್ಥಿತಿ ಬಂತು. ಆದ್ದರಿಂದ ನಿಮ್ಮ ಲೆಕ್ಕವನ್ನು ಮೇ 31ಕ್ಕೆ ನಿಲ್ಲಿಸಬೇಡಿ, ಜೂನ್ 15ರವರೆಗೆ ನೀರು ಬರುತ್ತದೆಯೇ ಎಂದು ಕೇಳಿಕೊಳ್ಳಿ. ಆ ಹದಿನೈದು ದಿನವೇ ಪ್ರತಿಸಲ ಕೈಕೊಡುವುದು.

ನಿಮ್ಮ ನೀರು ಯಾವ ಗುಡ್ಡದ್ದು?

ವರದಿ ಬರೆಯುವ ಮೊದಲು ಒಂದು ನಕ್ಷೆ ಬೇಕು. ಚಂದ ಇರಬೇಕೆಂದಿಲ್ಲ, ಪೆನ್ಸಿಲಿನಲ್ಲಿ ಗೀಚಿದರೂ ಸಾಕು. ಉಡುಪಿ ಪೇಟೆಯಲ್ಲಿ ಬಿದ್ದ ಮಳೆ ಬಜೆಗೆ ಹೋಗುವುದಿಲ್ಲ, ಅದು ಚರಂಡಿಯಲ್ಲಿ ಹರಿದು ಕಡಲು ಸೇರುತ್ತದೆ. ಬಜೆ ತುಂಬುವುದು ಕಾರ್ಕಳ, ಮಾಳದ ಕಡೆಯ ಮಳೆಯಿಂದ. ತುಂಬೆಗೂ ಮಂಗಳೂರಿನ ಮಳೆ ಉಪಕಾರಕ್ಕಿಲ್ಲ. ಅಲ್ಲಿಗೆ ಬೇಕಾದದ್ದು ಕುದುರೆಮುಖದ ಮಗ್ಗುಲು, ಬೆಳ್ತಂಗಡಿ, ಚಾರ್ಮಾಡಿ ಕಡೆಯಿಂದ ಬರುವ ನೇತ್ರಾವತಿ, ಮತ್ತೆ ಸುಬ್ರಹ್ಮಣ್ಯದ ಕಡೆಯಿಂದ ಇಳಿದು ಉಪ್ಪಿನಂಗಡಿಯಲ್ಲಿ ಅವಳನ್ನು ಕೂಡುವ ಕುಮಾರಧಾರೆ. ‘ನಿನ್ನೆ ಹಂಪನಕಟ್ಟೆಯಲ್ಲಿ ಏನು ಮಳೆ ಮಾರಾಯ್ರೆ!’ ಎನ್ನುವವರಿಗೆ ಇದನ್ನು ಸಮಾಧಾನದಲ್ಲಿ ಹೇಳಬೇಕು.

ವಾರಾಹಿಯ ಕಥೆ ಬೇರೆಯೇ. ಘಟ್ಟದ ಮೇಲೆ ಮಾಣಿ ಅಣೆಕಟ್ಟಿನಲ್ಲಿ ನಿಂತ ನೀರು ಹೊಸಂಗಡಿಯ ಭೂಗರ್ಭ ವಿದ್ಯುದಾಗಾರದಲ್ಲಿ ಟರ್ಬೈನು ತಿರುಗಿಸಿ ಕೆಳಗೆ ಹೊಳೆಗೆ ಬೀಳುತ್ತದೆ. ಹಾಗಾಗಿ ಮಾರ್ಚ್‌ನಲ್ಲಿ ವಾರಾಹಿ ತುಂಬಿ ಹರಿಯುವುದನ್ನು ನೋಡಿ ಅಂತರ್ಜಲ ಚೆನ್ನಾಗಿದೆ ಎಂದು ಬರೆದರೆ ತಪ್ಪಾಗುತ್ತದೆ. ಅದು ಕಳೆದ ಮಳೆಗಾಲದಲ್ಲಿ ಘಟ್ಟದ ಮೇಲೆ ಕೂಡಿಟ್ಟದ್ದು, ಇವತ್ತು ಕರೆಂಟಿಗಾಗಿ ಬಿಟ್ಟದ್ದು. ಕುಂದಾಪುರ ಕಡೆಯವರು ಹೊಳೆಯ ಆರೋಗ್ಯ ನೋಡಬೇಕಾದರೆ ಅಣೆಕಟ್ಟಿಲ್ಲದ ಹಳ್ಳವೊಂದನ್ನು ಆರಿಸಿಕೊಳ್ಳುವುದು ಒಳ್ಳೆಯದು. ವಾರಾಹಿಯ ನೀರನ್ನು ಉಡುಪಿಗೆ ತರುವ ಯೋಜನೆ ಬಂದ ಮೇಲೆ ಈ ವ್ಯತ್ಯಾಸ ಉಡುಪಿಯವರಿಗೂ ಮುಖ್ಯವಾಗಿದೆ. ಬಜೆಯ ಮಟ್ಟ ಒಂದು ಲೆಕ್ಕ, ಮಾಣಿಯ ಮಟ್ಟ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಕಾಲಮ್ಮು ಹಾಕಿ.

ಮಳೆ: ಇದನ್ನು ಬೇಗ ಮುಗಿಸೋಣ

ಮಳೆ ಅಳೆಯುವುದು ಇಡೀ ಕೆಲಸದಲ್ಲಿ ಸುಲಭದ್ದು, ನಾವು ಅತಿಯಾಗಿ ಮಾತಾಡುವುದೂ ಅದರ ಬಗ್ಗೆಯೇ. ಬೆಳಿಗ್ಗೆ 8.30ಕ್ಕೆ ಓದಿ. ಹವಾಮಾನ ಇಲಾಖೆಯ ದಿನ ತಿರುಗುವುದು ಆ ಹೊತ್ತಿಗೆ, ಹಿಂದಿನ 24 ಗಂಟೆಯ ಮಳೆ ಓದಿದ ದಿನದ ಲೆಕ್ಕಕ್ಕೆ ಸೇರುತ್ತದೆ. ಮಾಪಕ ಮರದ ಅಡಿಯಲ್ಲಿ, ಮಾಡಿನ ಅಂಚಿನಲ್ಲಿ ಬೇಡ, ಅಂಗಳದ ನಡುವೆ ಇರಲಿ. ಬಾಟಲಿ ಕತ್ತರಿಸಿ ಮಾಡಿಕೊಳ್ಳುವವರು ಎತ್ತರ ನೋಡಿಕೊಳ್ಳಿ. ನಮ್ಮಲ್ಲಿ ಒಂದೇ ದಿನ 200 ಮಿ.ಮೀ. ದಾಟುವುದು ಅಪರೂಪವಲ್ಲ (204.5 ದಾಟಿದರೆ ಇಲಾಖೆಯ ಭಾಷೆಯಲ್ಲಿ ಅದು ಅತ್ಯಂತ ಭಾರೀ ಮಳೆ). ಗಿಡ್ಡ ಬಾಟಲಿ ನಡುರಾತ್ರಿ ತುಂಬಿ ಚೆಲ್ಲಿರುತ್ತದೆ, ಬೆಳಿಗ್ಗೆ ನೀವು ಸುಳ್ಳು ಅಂಕಿ ಬರೆದಿರುತ್ತೀರಿ.

ಸ್ವಂತ ಮಾಪಕ ಬೇಡವೆನ್ನುವವರಿಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳು ಗ್ರಾಮ ಪಂಚಾಯತಿ ಮಟ್ಟದಲ್ಲೇ ಇವೆ. ನಿಮ್ಮ ಊರಿನದ್ದರ ಜೊತೆಗೆ ಹೊಳೆಯ ಮೇಲ್ಭಾಗದ ಒಂದು ಪಂಚಾಯತಿನದ್ದನ್ನೂ ಬರೆದುಕೊಳ್ಳಿ.

ಇನ್ನು ಶೇಕಡಾವಾರು. ಇಲಾಖೆಯ ಪ್ರಕಾರ ವಾಡಿಕೆಗಿಂತ 19 ಶೇಕಡಾ ಆಚೀಚೆ ಇದ್ದರೆ ಸಾಮಾನ್ಯ ಮಳೆ. ಇಲ್ಲೊಂದು ಹೊಂಡವಿದೆ, ಬೀಳಬೇಡಿ. ಜುಲೈಯಲ್ಲಿ ಹೆಚ್ಚಾದ 300 ಮಿ.ಮೀ. ಮತ್ತು ಅಕ್ಟೋಬರಿನಲ್ಲಿ ಬಾರದೆ ಹೋದ 100 ಮಿ.ಮೀ. ಕೂಡಿಸಿದರೆ ವರ್ಷದ ಲೆಕ್ಕ ಲಾಭದಲ್ಲೇ ಕಾಣುತ್ತದೆ. ಬಾವಿಗೆ ಮಾತ್ರ ಅದು ನಷ್ಟ, ಯಾಕೆಂದರೆ ಜುಲೈಯಲ್ಲಿ ಬಾವಿಯಲ್ಲಿ ಜಾಗವೇ ಇರುವುದಿಲ್ಲ, ಬಂದದ್ದೆಲ್ಲ ಕಡಲಿಗೆ. 2018ರ ಆಗಸ್ಟಿನಲ್ಲಿ ಘಟ್ಟದಲ್ಲಿ ಗುಡ್ಡ ಕುಸಿಯುವಷ್ಟು ಮಳೆ ಸುರಿಯಿತು. ಸೆಪ್ಟೆಂಬರಿನಲ್ಲೇ ನೇತ್ರಾವತಿ ಗಾಬರಿ ಹುಟ್ಟಿಸುವಷ್ಟು ಬೇಗ ಇಳಿಯಿತು. ಮರುವರ್ಷದ ಮೇ ಹೇಗಿತ್ತೆಂದು ಮೇಲೆ ಹೇಳಿದ್ದೇನೆ. ನನ್ನ ಪುಸ್ತಕದಲ್ಲಿ ಜುಲೈ ಮಳೆಗೆ ಒಂದು ಸಾಲು, ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗಿನ ಮಳೆಗೆ ಒಂದು ಪುಟ.

ಬಾವಿ: ಟೇಪು ಹಿಡಿಯುವ ಬೆಳಗ್ಗೆ

ಅಂತರ್ಜಲಕ್ಕೆ ಕೇಂದ್ರ ಅಂತರ್ಜಲ ಮಂಡಳಿಯ ವೀಕ್ಷಣಾ ಬಾವಿಗಳಿವೆ. ಅವುಗಳ ಅಳತೆ ವರ್ಷಕ್ಕೆ ನಾಲ್ಕು ಸಲ. ರಾಜ್ಯದ ಅಂತರ್ಜಲ ನಿರ್ದೇಶನಾಲಯಕ್ಕೂ ತನ್ನದೇ ಬಾವಿಗಳಿವೆ. ಜಿಲ್ಲೆಯ ಚಿತ್ರ ನೋಡಲು ಅವು ಸಾಕು. ಆದರೆ ನಮ್ಮ ಗುಡ್ಡ-ಬಯಲಿನ ಊರಿನಲ್ಲಿ ಎರಡು ಗದ್ದೆ ದಾಟಿದರೆ ಬಾವಿಯ ಸ್ವಭಾವ ಬದಲಾಗುತ್ತದೆ. ಹಾಗಾಗಿ ವಠಾರದಲ್ಲಿ ಕನಿಷ್ಠ ಮೂರು ತೆರೆದ ಬಾವಿ ಆರಿಸಿ: ಗುಡ್ಡದ ನೆತ್ತಿಯ ಬಳಿ ಒಂದು, ಇಳಿಜಾರಿನಲ್ಲಿ ಒಂದು, ಬಯಲಿನಲ್ಲಿ ಒಂದು. ಕಿಂಡಿ ಅಣೆಕಟ್ಟಿನ (ಮಳೆ ಕಳೆದ ಮೇಲೆ ಕಿಂಡಿಗಳನ್ನು ಮುಚ್ಚಿ ಹೊಳೆಯ ನೀರು ನಿಲ್ಲಿಸುವ ಗಿಡ್ಡ ಕಟ್ಟೆ) ಪಕ್ಕದ ಬಾವಿಯನ್ನು ಇವುಗಳಲ್ಲಿ ಸೇರಿಸಬೇಡಿ. ಡಿಸೆಂಬರಿನಲ್ಲಿ ಹಲಗೆ ಹಾಕಿದ ಕೂಡಲೇ ಅದರ ನೀರು ಮೇಲೇರುತ್ತದೆ, ಇಡೀ ಊರು ಸುಧಾರಿಸಿದ ಹಾಗೆ ಕಾಣುತ್ತದೆ.

ಅಳೆಯುವುದು ತಿಂಗಳ ಕೊನೆಯ ದಿನ, ಬೆಳಿಗ್ಗೆ ಆರಕ್ಕೆ, ಯಾರೂ ಪಂಪು ಹಾಕುವ ಮೊದಲು. ಹಿಂದಿನ ಸಂಜೆ ಬಾವಿಯ ಮನೆಯವರಿಗೆ ಹೇಳಿಡಿ. ಮೊದಲ ಸಲ ನಾನು ಪಕ್ಕದ ಮನೆಯ ಅಕ್ಕನ ಬಾವಿಗೆ ಟೇಪು ಇಳಿಸಿದಾಗ ಅವರು ಒಳಗಿನಿಂದಲೇ, ‘ಬಾವಿಗೆ ಎಂತಕ್ಕೆ ಅಳತೆ ಮಾರಾಯಾ, ಅಂಗಿ ಹೊಲಿಸ್ಲಿಕ್ಕುಂಟಾ?’ ಎಂದಿದ್ದರು. ಈಗ ಅವರೇ, ‘ಇವತ್ತು ಮೂವತ್ತು ತಾರೀಕು, ಬರ್ಲಿಲ್ವಾ?’ ಎಂದು ಫೋನು ಮಾಡುತ್ತಾರೆ.

ಟೇಪಿನ ತುದಿಗೆ ಒಂದು ಸಣ್ಣ ತೂಕ ಕಟ್ಟಿ. ತುದಿಯ ಒಂದು ಮೀಟರಿಗೆ ಶಾಲೆಯ ಸೀಮೆಸುಣ್ಣ ಉಜ್ಜಿ. ನಿಧಾನವಾಗಿ ಇಳಿಸಿ, ತೂಕ ನೀರಿಗೆ ತಾಗಿದ ಸದ್ದು ಬಂದ ಮೇಲೂ ಒಂದು ಗೇಣು ಇಳಿಯಲಿ. ಬಾವಿಕಟ್ಟೆಯ ಗುರುತಿನ ಬಳಿ ಟೇಪಿನಲ್ಲಿ ಒಂದು ಪೂರ್ಣ ಅಂಕಿ ಬರುವಂತೆ ಹಿಡಿಯಿರಿ, 9 ಮೀಟರ್ ಎನ್ನೋಣ. ಮೇಲೆ ಎಳೆದಾಗ ಸುಣ್ಣ ಒದ್ದೆಯಾದ ಗೆರೆ 0.38ರಲ್ಲಿ ನಿಂತಿದ್ದರೆ ಕಟ್ಟೆಯಿಂದ ನೀರಿಗೆ 8.62 ಮೀಟರ್. ಕಟ್ಟೆಯ ಎತ್ತರ 0.80 ಕಳೆದರೆ ನೆಲಮಟ್ಟದಿಂದ 7.82. ಬರೆಯಬೇಕಾದ ಅಂಕಿ ಇದು. ಸುಣ್ಣ ಬೇಡ, ಕಣ್ಣಳತೆ ಸಾಕು ಎಂದರೆ ಅರ್ಧ ಅಡಿ ಆಚೀಚೆ ಆಗುತ್ತದೆ, ನಾವು ಹುಡುಕುವ ವ್ಯತ್ಯಾಸವೇ ಕೆಲವು ತಿಂಗಳು ಅಷ್ಟಿರುತ್ತದೆ.

ಕಟ್ಟೆಯ ಮೇಲೆ ಅಳೆಯುವ ಜಾಗಕ್ಕೆ ಪೈಂಟಿನ ಗುರುತು ಹಾಕಿ, ಕಟ್ಟೆಯ ಎತ್ತರವನ್ನು ವರ್ಷಕ್ಕೊಮ್ಮೆ ಮತ್ತೆ ಅಳೆಯಿರಿ. ಇದು ನಾನು ಪೆಟ್ಟು ತಿಂದು ಕಲಿತದ್ದು. ಒಂದು ವರ್ಷ ಇಳಿಜಾರಿನ ಬಾವಿಯ ನೀರು ಇದ್ದಕ್ಕಿದ್ದಂತೆ 20 ಸೆಂ.ಮೀ. ಕೆಳಗೆ ಹೋಯಿತು, ಮುಂದಿನ ತಿಂಗಳೂ ಮೇಲೆ ಬರಲಿಲ್ಲ. ಆಚೆ ತೋಟದ ಹೊಸ ಬೋರ್‌ವೆಲ್ಲಿನ ಮೇಲೆ ಗುಮಾನಿ ಪಟ್ಟು, ಎರಡು ವರದಿಯಲ್ಲಿ ಬರೆದೂಬಿಟ್ಟೆ. ಆಮೇಲೆ ತಿಳಿಯಿತು, ಮನೆಯವರು ಮಕ್ಕಳ ಭಯಕ್ಕೆ ಬಾವಿಕಟ್ಟೆಗೆ ಒಂದು ವರಸೆ ಕಲ್ಲು ಏರಿಸಿದ್ದರು. ಬೋರ್‌ವೆಲ್ಲಿನವರ ಹತ್ತಿರ ಹೋಗಿ ತಪ್ಪಾಯಿತೆಂದು ಹೇಳಿ ಬರಬೇಕಾಯಿತು.

ಹಿರಿಯರು ಕೋಲಿನ ಲೆಕ್ಕ ಹೇಳುತ್ತಾರೆ, ಉಳಿದವರು ‘ನಾಲ್ಕು ರಿಂಗು ನೀರುಂಟು’ ಎನ್ನುತ್ತಾರೆ. ಎರಡನ್ನೂ ಬರೆದುಕೊಳ್ಳಿ, ಬಿಸಾಡಬೇಡಿ. ನಿಮ್ಮ ಬಾವಿಯ ರಿಂಗಿನ ಎತ್ತರ ಅಳೆದರೆ ಇಪ್ಪತ್ತು ವರ್ಷ ಹಿಂದಿನ ನೆನಪು ಕೂಡ ಮೀಟರಿಗೆ ಬರುತ್ತದೆ. ‘ಮಗಳ ಮದುವೆಯ ವರ್ಷ ಮೇಯಲ್ಲಿ ಎರಡೇ ರಿಂಗು’ ಎಂಬಂಥ ಮಾತು ಯಾವ ಕಚೇರಿಯ ಕಡತದಲ್ಲೂ ಸಿಗುವುದಿಲ್ಲ.

ಇಷ್ಟಾದ ಮೇಲೆ ಬಾವಿಯ ಒಳಗೆ ಒಮ್ಮೆ ಸರಿಯಾಗಿ ಬಗ್ಗಿ ನೋಡಿ, ಏಪ್ರಿಲಿನಲ್ಲಿ, ಬಿಸಿಲು ನೆತ್ತಿಗೆ ಬಂದಾಗ. ಮೇಲೆ ತೂತುತೂತಾದ ಕೆಂಪು ಮುರಕಲ್ಲು. ಅದು ಮಳೆಯನ್ನು ಜೇನುಗೂಡಿನಂತೆ ಕುಡಿಯುತ್ತದೆ, ಅಷ್ಟೇ ಬೇಗ ಬಿಟ್ಟೂಬಿಡುತ್ತದೆ. ಕೆಳಗೆ ಒಂದು ಕಡೆ ಬಣ್ಣ ಬದಲಾಗಿ ಬಿಳಿ, ಹಳದಿ, ಗುಲಾಬಿ ಕಲೆಸಿದ ಶೇಡಿ ಮಣ್ಣು ಶುರುವಾಗುತ್ತದೆ. ಕುಸಿಯುತ್ತದೆಂದು ಅಲ್ಲಿಂದ ಕೆಳಗೆ ರಿಂಗು ಇಳಿಸಿರುವುದೂ ಉಂಟು. ಆ ಬಣ್ಣ ಬದಲಾಗುವ ಗೆರೆ ನೆಲದಿಂದ ಎಷ್ಟು ಆಳದಲ್ಲಿದೆ ಎಂದು ಅಳೆದು ಪುಸ್ತಕದ ಮೊದಲ ಪುಟದಲ್ಲಿ ಬರೆಯಿರಿ. ನೀರು ಆ ಗೆರೆಗಿಂತ ಮೇಲಿರುವವರೆಗೆ ಪಂಪು ನಿಲ್ಲಿಸಿದ ಸ್ವಲ್ಪ ಹೊತ್ತಿಗೇ ಬಾವಿ ತುಂಬಿಕೊಳ್ಳುತ್ತದೆ. ಗೆರೆಯ ಕೆಳಗಿಳಿಯಿತೆಂದರೆ ಶೇಡಿಯಲ್ಲಿ ನೀರಿದ್ದರೂ ಅದು ಬೆವರಿನಂತೆ ಜಿನುಗುವುದೇ ಹೊರತು ಹರಿಯುವುದಿಲ್ಲ. ‘ನೀರು ಕಾಣುತ್ತದೆ, ಆದರೆ ಅರ್ಧ ಗಂಟೆಯಲ್ಲಿ ಪಂಪು ಗಾಳಿ ಎಳೆಯುತ್ತದೆ’ ಎಂಬ ದೂರು ಹುಟ್ಟುವುದು ಇಲ್ಲೇ. ನನ್ನ ವರದಿಯಲ್ಲಿ ನಾನು ಬಾವಿಯ ಆಳಕ್ಕಿಂತ ಮೇಲೆ ಬರೆಯುವುದು ಒಂದೇ ಮಾತು: ಗೆರೆಗೆ ಇನ್ನೆಷ್ಟು ಬಾಕಿ.

ಬಾವಿ ಎಷ್ಟು ಬೇಗ ತುಂಬುತ್ತದೆ ಎಂದು ನೋಡುವುದೂ ಕಷ್ಟವಲ್ಲ. ಪಂಪು ನಿಲ್ಲಿಸಿ 15 ನಿಮಿಷಕ್ಕೊಮ್ಮೆ ಅಳೆಯಿರಿ. ಮೂರು ಮೀಟರ್ ಅಗಲದ ದುಂಡು ಬಾವಿಯಲ್ಲಿ ನೀರು 10 ಸೆಂ.ಮೀ. ಏರಿದರೆ ಸುಮಾರು 700 ಲೀಟರ್ ಬಂದ ಹಾಗೆ. ಜನವರಿಯಲ್ಲಿ ಅರ್ಧ ಗಂಟೆಗೆ ಬಂದದ್ದು ಮಾರ್ಚ್‌ನಲ್ಲಿ ಎರಡು ಗಂಟೆ ತೆಗೆದುಕೊಂಡರೆ, ನೀರಿನ ಮಟ್ಟ ಹೆಚ್ಚು ಇಳಿಯದಿದ್ದರೂ ಪಂಪಿನ ಹೊತ್ತು ಕಡಿಮೆ ಮಾಡುವ ಸಮಯ ಬಂತು.

ಬೋರ್‌ವೆಲ್ಲಿಗೆ ಟೇಪು ಇಳಿಸುವ ಸಾಹಸ ಬೇಡ, ಕೇಬಲ್ಲಿಗೆ ಸುತ್ತಿಕೊಂಡರೆ ಪಂಪು ಎತ್ತುವ ಖರ್ಚು ನಿಮ್ಮ ತಲೆಗೆ. ಬದಲಿಗೆ ಒಂದು ಡ್ರಮ್ಮು ತುಂಬಲು ಎಷ್ಟು ಹೊತ್ತು ಎಂದು ಬರೆಯಿರಿ. ಬೋರ್‌ವೆಲ್ಲಿನ ಅಂಕಿಯನ್ನು ತೆರೆದ ಬಾವಿಯದ್ದರ ಜೊತೆ ಕೂಡಿಸಿ ಸರಾಸರಿ ತೆಗೆಯುವವರನ್ನು ಕಂಡಿದ್ದೇನೆ. ಒಂದು ಕಗ್ಗಲ್ಲಿನ ಬಿರುಕಿನ ನೀರು, ಇನ್ನೊಂದು ಮುರಕಲ್ಲಿನದ್ದು. ಸೇರಿಸಿದರೆ ಯಾವುದರ ಸುದ್ದಿಯೂ ಸಿಗುವುದಿಲ್ಲ. ಮತ್ತೆ, ಅಳತೆಗೆಂದು ಯಾರೂ ಬಾವಿಯೊಳಗೆ ಇಳಿಯಕೂಡದು. ಆಳದಲ್ಲಿ ಉಸಿರಾಡುವ ಗಾಳಿ ಇರುತ್ತದೆಂಬ ಖಾತ್ರಿ ಇಲ್ಲ.

ಹೊಳೆ: ಗರಟೆಯೇ ಯಂತ್ರ

ನೇತ್ರಾವತಿಯ ಮಟ್ಟವನ್ನು ಬಂಟ್ವಾಳದಲ್ಲಿ ಕೇಂದ್ರ ಜಲ ಆಯೋಗ ಅಳೆಯುತ್ತದೆ. ಮಳೆಗಾಲದಲ್ಲಿ ಬಂಟ್ವಾಳದ ಅಪಾಯದ ಮಟ್ಟ 8.5 ಮೀಟರ್ ಎಂದು ನಾವು ಕೇಳುತ್ತಿರುತ್ತೇವೆ. ಅದು ನೆರೆಯ ಲೆಕ್ಕ. ನಮಗೆ ಬೇಕಾದದ್ದು ಬೇಸಿಗೆಯ ಹರಿವು, ಅದನ್ನು ಊರಿನ ಹಳ್ಳದಲ್ಲಿ ನಾವೇ ಅಳೆಯಬಹುದು.

ಹೊಳೆ ನೇರವಾಗಿ ಹರಿಯುವ, ತಳ ಹೆಚ್ಚು ಏರುತಗ್ಗಿಲ್ಲದ, ಹತ್ತು ಮೀಟರ್ ಉದ್ದದ ಜಾಗ ಹುಡುಕಿ. ಕಿಂಡಿ ಅಣೆಕಟ್ಟಿನ ಹಿನ್ನೀರು ಅಲ್ಲಿಗೆ ತಲುಪಬಾರದು. ಭರತ-ಇಳಿತ ತಲುಪುವ ಜಾಗವಂತೂ ಬೇಡವೇ ಬೇಡ. ಕಲ್ಯಾಣಪುರದ ಬಳಿ ನಿಂತು ಸ್ವರ್ಣೆಯ ವೇಗ ಅಳೆದರೆ ದಿನಕ್ಕೆ ಎರಡು ಸಲ ಹೊಳೆ ಘಟ್ಟಕ್ಕೆ ಹಿಂದೆ ಹೋಗುತ್ತಿದೆ ಎಂದು ಬರೆಯಬೇಕಾಗುತ್ತದೆ.

ಎರಡು ದಡಕ್ಕೆ ಹಗ್ಗ ಕಟ್ಟಿ ಅಗಲ ಅಳೆಯಿರಿ. ಹಗ್ಗದುದ್ದಕ್ಕೂ ಮೀಟರಿಗೊಮ್ಮೆ ಕೋಲು ಊರಿ ಆಳ ನೋಡಿ, ಸರಾಸರಿ ತೆಗೆಯಿರಿ. ಮೇಲ್ಗಡೆಯಿಂದ ಗರಟೆಯನ್ನು, ಅರ್ಧ ನೀರು ತುಂಬಿಸಿ, ತೇಲಿಬಿಡಿ. ಖಾಲಿ ಗರಟೆ ಗಾಳಿಗೆ ಓಡುತ್ತದೆ. ಹತ್ತು ಮೀಟರ್ ದಾಟಲು ಎಷ್ಟು ಸೆಕೆಂಡು ಎಂದು ನೋಡಿ. ನಡುನೀರಿನಲ್ಲಿ ಮೂರು ಸಲ, ಎರಡು ಬದಿಯಲ್ಲಿ ಒಂದೊಂದು ಸಲ ಬಿಟ್ಟು ಸರಾಸರಿ ಮಾಡಿ. ಮೇಲ್ಮೈ ನೀರು ತಳದ್ದಕ್ಕಿಂತ ಬೇಗ ಓಡುವುದರಿಂದ ಬಂದ ವೇಗವನ್ನು 0.85ರಿಂದ ಗುಣಿಸಬೇಕು.

ಅಗಲ 6 ಮೀಟರ್, ಸರಾಸರಿ ಆಳ 0.3 ಮೀಟರ್, ಗರಟೆಗೆ 25 ಸೆಕೆಂಡು ಹಿಡಿಯಿತು ಎಂದುಕೊಳ್ಳಿ. ವೇಗ ಸೆಕೆಂಡಿಗೆ 0.4, ಗುಣಿಸಿದ ಮೇಲೆ 0.34. ಮೂರನ್ನೂ ಗುಣಿಸಿದರೆ ಸೆಕೆಂಡಿಗೆ 0.61 ಘನ ಮೀಟರ್, ಅಂದರೆ 610 ಲೀಟರ್ ಚಿಲ್ಲರೆ. ಪತ್ರಿಕೆಯ ಭಾಷೆಯಲ್ಲಿ 21-22 ಕ್ಯುಸೆಕ್. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್. ದಿನವಿಡೀ ಹೀಗೇ ಹರಿದರೆ 5 ಕೋಟಿ ಲೀಟರಿಗಿಂತ ಸ್ವಲ್ಪ ಹೆಚ್ಚು.

ಮಳೆಗಾಲದಲ್ಲಿ ಈ ಕೆಲಸಕ್ಕೆ ಹೊಳೆಗೆ ಇಳಿಯಲೇಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೇತುವೆಯ ಕಂಬದಲ್ಲಿ ಒಂದು ಗುರುತು ಮಾಡಿ, ನೀರು ಎಲ್ಲಿತ್ತೆಂದು ದಡದಿಂದಲೇ ಬರೆದುಕೊಂಡರೆ ಆಯಿತು. ಹರಿವಿನ ಅಳತೆ ಶುರುವಾಗುವುದು ನವೆಂಬರಿನಲ್ಲಿ. ಆಗ ಹೊಳೆಯಲ್ಲಿ ಹರಿಯುವುದು ಮಳೆಯ ನೀರಲ್ಲ, ಗುಡ್ಡ ಒಳಗಿನಿಂದ ಬಿಟ್ಟುಕೊಡುವ ನೀರು. ಅದಕ್ಕೊಂದು ಗುಣವಿದೆ. ಮಳೆ ಬಾರದಿದ್ದರೆ ಅದು ಪ್ರತಿ ತಿಂಗಳು ಹೆಚ್ಚುಕಡಿಮೆ ಒಂದೇ ಪಾಲಿನಲ್ಲಿ ಕರಗುತ್ತದೆ. ಡಿಸೆಂಬರಿನಲ್ಲಿ 0.61 ಇದ್ದದ್ದು ಜನವರಿಯಲ್ಲಿ 0.43 ಆದರೆ ಉಳಿದದ್ದು ನೂರಕ್ಕೆ 70. ಹಾಗಾದರೆ ಫೆಬ್ರವರಿಗೆ 0.30, ಮಾರ್ಚ್‌ಗೆ 0.21. ಎರಡೇ ಅಳತೆಯಿಂದ ಮುಂದಿನ ಎರಡು ತಿಂಗಳು ಕಣ್ಣಿಗೆ ಕಾಣುತ್ತದೆ. ಮಾರ್ಚ್‌ನಲ್ಲಿ ಅಳೆದಾಗ 0.21ರ ಬದಲು 0.10 ಸಿಕ್ಕಿತೆಂದರೆ ಗುಡ್ಡ ಮೋಸ ಮಾಡಿದ್ದಲ್ಲ, ಮೇಲ್ಗಡೆ ಪಂಪುಗಳು ಇಳಿದಿವೆ. ಅಥವಾ ಯಾರೋ ಹೊಸದಾಗಿ ಕಟ್ಟ ಹಾಕಿದ್ದಾರೆ. ಒಮ್ಮೆ ಮೇಲಕ್ಕೆ ನಡೆದು ನೋಡಿ ಬಂದು ಬರೆಯಿರಿ. ಕಲ್ಲು-ಮಣ್ಣಿನ ಕಟ್ಟದ ಮೇಲೆ ನನಗೆ ಸಿಟ್ಟಿಲ್ಲ, ಅದು ಅಕ್ಕಪಕ್ಕದ ಬಾವಿಗಳನ್ನು ಬದುಕಿಸುತ್ತದೆ. ಹಲಗೆ ಹಾಕಿದ, ಕಟ್ಟ ಕಟ್ಟಿದ ತಾರೀಕು ಪುಸ್ತಕದಲ್ಲಿ ಇರಬೇಕು, ಅಷ್ಟೇ.

ಅಣೆಕಟ್ಟಿನ ಮೀಟರು ಓದುವುದು

ಈಗ ಆ ಮೂರು ಮೀಟರಿಗೆ ಬರೋಣ. ಬಜೆ, ತುಂಬೆಗಳು ಲಿಂಗನಮಕ್ಕಿಯಂಥ ಜಲಾಶಯಗಳಲ್ಲ. ಹೊಳೆಗೆ ಅಡ್ಡ ಕಟ್ಟಿದ ಕಿಂಡಿ ಅಣೆಕಟ್ಟುಗಳು. ಇವುಗಳ ಹಿಂದೆ ನಿಲ್ಲುವ ನೀರಿನ ಆಕಾರ ಮರ ಸೀಳುವ ಬೆಣೆಯದ್ದು. ಗೋಡೆಯ ಬುಡದಲ್ಲಿ ದಪ್ಪ, ಹೊಳೆಯ ಮೇಲಕ್ಕೆ ಹೋದಂತೆ ತೆಳು. ಗೋಡೆಯ ಬಳಿ ಎತ್ತರ ಅರ್ಧಕ್ಕಿಳಿದರೆ ಹಿನ್ನೀರಿನ ಉದ್ದವೂ ಅರ್ಧವಾಗುತ್ತದೆ. ಅರ್ಧದ ಅರ್ಧ ಕಾಲು. ಹೊಳೆಯ ತಳ ಕಿರಿದಾಗುವುದನ್ನೂ ಸೇರಿಸಿದರೆ ಕಾಲಿಗಿಂತ ಕಡಿಮೆ.

ಇದೇ ಅಳತೆಯಲ್ಲಿ 6 ಮೀಟರಿನ ಕಟ್ಟೆಯನ್ನು ನೋಡಿ. ಆರರಿಂದ ಐದಕ್ಕೆ ಇಳಿದಾಗ ಖರ್ಚಾದದ್ದು ಒಟ್ಟು ನೀರಿನ ನೂರಕ್ಕೆ 31. ಮೂರರಿಂದ ಎರಡಕ್ಕೆ ಇಳಿದಾಗ ಖರ್ಚಾದದ್ದು ನೂರಕ್ಕೆ 14. ಮೇಲಿನ ಮೀಟರು ಊರಿಗೆ 30 ದಿನ ಬಂದಿದ್ದರೆ, ಅದೇ ಬಳಕೆಗೆ ಕೆಳಗಿನ ಮೀಟರು 14 ದಿನ ಬರುವುದೂ ಕಷ್ಟ. ಏಪ್ರಿಲ್ ಮೊದಲ ವಾರ ನಿಧಾನ ಇಳಿಯುತ್ತಿದ್ದ ಬಜೆ ಮೇ ಮೊದಲ ವಾರ ‘ಏನಾಯ್ತೋ ಗೊತ್ತಿಲ್ಲ, ಓಡ್ತಾ ಉಂಟು’ ಎನಿಸುವುದು ಇದಕ್ಕೆ. ಸೋರಿಕೆಯೂ ಅಲ್ಲ, ಕಳ್ಳತನವೂ ಅಲ್ಲ, ಬೆಣೆಯ ಗುಣ.

ಹಾಗಾಗಿ ವರದಿಯಲ್ಲಿ ಮೀಟರಿನ ಪಕ್ಕದಲ್ಲಿ ಅದರ ವರ್ಗದ ಲೆಕ್ಕ ಬರೆಯಿರಿ: ಇವತ್ತಿನ ಮೀಟರನ್ನು ಅದರಿಂದಲೇ ಗುಣಿಸಿ, ತುಂಬಿದಾಗಿನ ಮೀಟರಿನ ವರ್ಗದಿಂದ ಭಾಗಿಸಿ. ನಾಲ್ಕು ಮೀಟರ್ ಇದ್ದರೆ 16ನ್ನು 36ರಿಂದ ಭಾಗಿಸಿದಾಗ ನೂರಕ್ಕೆ 44. ಇದು ಅಂದಾಜು ಮಾತ್ರ, ಆದರೆ ನೂರಕ್ಕೆ 67 ಎಂದು ಮೋಸ ಹೋಗುವುದಕ್ಕಿಂತ ವಾಸಿ. ಪಂಪಿನ ಬಾಯಿ ತಳದಿಂದ ಮೇಲಿರುತ್ತದೆ, ಅದರ ಕೆಳಗಿನ ನೀರು ಕಣ್ಣಿಗೆ ಕಾಣುತ್ತದೆ, ನಳ್ಳಿಗೆ ಬರುವುದಿಲ್ಲ.

ತುಂಬೆಯ ಮಟ್ಟ ಮಳೆಯಿಲ್ಲದೆಯೂ ಏರಿದ ದಿನ ಬೆರಗಾಗಬೇಡಿ. ಮೇಲ್ಗಡೆ ಶಂಭೂರಿನ ಎ.ಎಂ.ಆರ್. ಅಣೆಕಟ್ಟಿನಿಂದ ನೀರು ಬಿಟ್ಟಿರಬಹುದು. ಎರಡೂ ಕಡೆಯ ಮಟ್ಟ ಒಟ್ಟಿಗೆ ನೋಡದೆ ತುಂಬೆಯ ಬಗ್ಗೆ ಏನೂ ಹೇಳಬಾರದು. ಮಾಣಿ, ಲಿಂಗನಮಕ್ಕಿಯಂಥ ದೊಡ್ಡ ಜಲಾಶಯಗಳಿಗೆ ಮಾತ್ರ ಈ ವರ್ಗದ ಲೆಕ್ಕ ಹಾಕಬೇಡಿ. ಅವುಗಳದ್ದು ಸಮುದ್ರಮಟ್ಟದಿಂದ ಅಳೆದ ಎತ್ತರ, ಎಷ್ಟು ಟಿ.ಎಂ.ಸಿ. ಇದೆಯೆಂದು ಉಸ್ತುವಾರಿ ಕೇಂದ್ರವೇ ದಿನಾ ಹೇಳುತ್ತದೆ.

ಉಪ್ಪು

ಕಡಲಿನಿಂದ ನಾಲ್ಕೈದು ಕಿಲೋಮೀಟರಿನೊಳಗೆ ಇರುವವರಿಗೆ ಇನ್ನೊಂದು ಕಾಲಮ್ಮು ಬೇಕು. ಹೊಳೆಯ ಹರಿವು ಸೊರಗಿದಂತೆ ಉಪ್ಪುನೀರು ಮೇಲೇರುತ್ತದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ, ಪೆನ್ನಿನಂಥ ಟಿ.ಡಿ.ಎಸ್. ಮಾಪಕದಲ್ಲಿ ತಿಂಗಳಿಗೊಮ್ಮೆ ಬಾವಿಯ ನೀರು ನೋಡಿ. ಕುಡಿಯುವ ನೀರಿಗೆ ಲೀಟರಿಗೆ 500 ಮಿ.ಗ್ರಾಂ. ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ ಎಂಬುದು ಭಾರತೀಯ ಮಾನಕ. ಅಂಕಿಗಿಂತ ಅದರ ಓಟ ನೋಡಿ. ಫೆಬ್ರವರಿಯಲ್ಲಿ 120 ಇದ್ದದ್ದು ಮಾರ್ಚ್‌ಗೆ 260 ಆದರೆ, 500ರ ಒಳಗೇ ಇದ್ದರೂ, ಪಂಪಿನ ಹೊತ್ತು ಇಳಿಸಬೇಕು.

‘ಸಾಧಾರಣ’ ಎಂದರೆ ಎಷ್ಟು?

ಇಲ್ಲಿಯವರೆಗೆ ಕೂಡಿಸಿದ ಅಂಕಿಗೆ ಅರ್ಥ ಬರುವುದು ಅದೇ ತಿಂಗಳ ಹಳೆಯ ಅಂಕಿಗಳ ಪಕ್ಕದಲ್ಲಿ ಇಟ್ಟಾಗ. ಮಾರ್ಚ್‌ನ ಬಾವಿಯನ್ನು ಫೆಬ್ರವರಿಯದ್ದಕ್ಕೆ ಹೋಲಿಸಿ ಕಡಿಮೆಯಾಯಿತು ಎನ್ನುವುದು ಸುದ್ದಿಯಲ್ಲ, ಕಡಿಮೆಯಾಗಲೇಬೇಕು. ಕಳೆದ ವರ್ಷಕ್ಕೆ ಹೋಲಿಸುವುದೂ ಅರೆಬರೆ ಕೆಲಸ. ಕಳೆದ ವರ್ಷವೇ ಕೆಟ್ಟದಾಗಿದ್ದರೆ ಈ ವರ್ಷದ ಕೆಟ್ಟದ್ದು ಒಳ್ಳೆಯದಾಗಿ ಕಾಣುತ್ತದೆ.

ಒಂದು ಬಾವಿಯ ಫೆಬ್ರವರಿ ಕೊನೆಯ ಆಳ ಒಂಬತ್ತು ವರ್ಷ ಹೀಗಿತ್ತು ಎಂದುಕೊಳ್ಳಿ: 5.1, 5.6, 4.8, 6.3, 5.4, 5.9, 5.0, 6.1, 5.5 ಮೀಟರ್. ಈ ವರ್ಷ 6.0. ಹತ್ತನ್ನೂ ತೀರಾ ಆಳದ್ದರಿಂದ ಶುರು ಮಾಡಿ ಸಾಲಾಗಿ ಬರೆಯಿರಿ: 6.3, 6.1, 6.0, 5.9... ಈ ವರ್ಷದ್ದು ಮೂರನೆಯದು. ಮೂರನ್ನು ಹನ್ನೊಂದರಿಂದ ಭಾಗಿಸಿ (ಒಟ್ಟು ಅಂಕಿಗೆ ಒಂದು ಸೇರಿಸಿ ಭಾಗಿಸುವುದು ಕ್ರಮ). ನೂರಕ್ಕೆ 27. ಈ ಅಂಕಿ 25ರಿಂದ 75ರ ನಡುವೆ ಇದ್ದರೆ ಸಾಧಾರಣ, 10ರಿಂದ 25 ಕಡಿಮೆ, 10ರ ಕೆಳಗೆ ತೀರಾ ಕಡಿಮೆ, 75ರ ಮೇಲೆ ಹೆಚ್ಚು, 90ರ ಮೇಲೆ ತುಂಬಾ ಹೆಚ್ಚು. 27 ಅಂದರೆ ಸಾಧಾರಣವೇ, ಆದರೆ ಅಂಚಿನಲ್ಲಿ ನಿಂತಿದೆ. ಹೊಳೆಯ ಹರಿವಿಗೂ ಹೀಗೇ, ಅಲ್ಲಿ ಕಡಿಮೆ ಹರಿವಿನಿಂದ ಎಣಿಕೆ ಶುರು.

ಐದು ವರ್ಷಕ್ಕಿಂತ ಕಡಿಮೆ ಅಂಕಿ ಇದ್ದರೆ ಶೇಕಡಾ ಹಾಕಬೇಡಿ, ನಗೆಪಾಟಲಾಗುತ್ತದೆ. ‘ನಾಲ್ಕು ವರ್ಷದಲ್ಲಿ ಎರಡನೇ ಕಡಿಮೆ’ ಎಂದು ಬರೆದರೆ ಎಲ್ಲರಿಗೂ ತಿಳಿಯುತ್ತದೆ. ಜುಲೈ, ಆಗಸ್ಟಿನ ಬಾವಿಗೆ ಈ ಲೆಕ್ಕ ಬೇಡ. ಆಟಿಯಲ್ಲಿ ಎಲ್ಲ ಬಾವಿಗಳೂ ಶ್ರೀಮಂತರೇ.

ಸರಕಾರಿ ಪಟ್ಟಿಯಲ್ಲಿ ನಮ್ಮ ತಾಲೂಕಿನ ಎದುರು ‘ಸುರಕ್ಷಿತ’ ಎಂದಿದ್ದರೆ ಅದನ್ನು ತಂದು ತೋರಿಸುವವರು ಇರುತ್ತಾರೆ. ಆ ಪದದ ಅರ್ಥ, ವರ್ಷಕ್ಕೆ ತೆಗೆಯಬಹುದಾದ ಅಂತರ್ಜಲದಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ತೆಗೆಯುತ್ತಿಲ್ಲ ಎಂದಷ್ಟೆ. ಮೇ ತಿಂಗಳಲ್ಲಿ ನಿಮ್ಮ ಬಾವಿಯಲ್ಲಿ ಕೊಡಪಾನ ಮುಳುಗುತ್ತದೆ ಎಂದಲ್ಲ.

ಒಂದು ಪುಟ, ಐದನೇ ತಾರೀಕು

ವರದಿ ಒಂದು ಪುಟ ದಾಟಬಾರದು, ಐದನೇ ತಾರೀಕು ದಾಟಬಾರದು. ಕೋಷ್ಟಕವನ್ನು ಯಾರೂ ಓದುವುದಿಲ್ಲ, ಅದು ನಿಮ್ಮ ಪುಸ್ತಕದಲ್ಲಿರಲಿ. ಜನರಿಗೆ ಹೋಗುವ ಪುಟದಲ್ಲಿ ನಾನು ಮೊದಲು ಬರೆಯುವುದು ಬಾವಿ, ಆಮೇಲೆ ಹೊಳೆ, ಆಮೇಲೆ ಬಜೆ, ಕೊನೆಗೆ ಮಳೆ. ಸಾಮಾನ್ಯವಾಗಿ ಇದು ತಿರುಗಾಮುರುಗಾ ಇರುತ್ತದೆ, ಮಳೆಯೇ ತಲೆಬರಹದಲ್ಲಿ. ಬಿದ್ದ ಮಳೆ ಹಳ್ಳಕ್ಕೆ ಗಂಟೆಗಳಲ್ಲಿ ತಲುಪುತ್ತದೆ, ಮುರಕಲ್ಲಿನ ಬಾವಿಗೆ ದಿನಗಳಲ್ಲಿ, ಕೆಳಗಿನ ಕಗ್ಗಲ್ಲಿನ ಬಿರುಕಿಗೆ ಇನ್ನೂ ಎಷ್ಟೋ ತಡವಾಗಿ. ಏಪ್ರಿಲಿನ ಒಂದು ಗುಡುಗು ಮಳೆಯಿಂದ ಹೊಳೆ ಎರಡು ದಿನ ಕೆಂಪಾಗಿ ಓಡಿದರೂ ಬಾವಿಯ ಸುಣ್ಣದ ಗೆರೆ ಕದಲಿರುವುದಿಲ್ಲ. ತಲೆಬರಹದಲ್ಲಿ ಮಳೆ ಹಾಕಿದರೆ ಜನ ಆ ದಿನವೇ ಸ್ಪ್ರಿಂಕ್ಲರು ತಿರುಗಿಸುತ್ತಾರೆ.

ಮಾರ್ಚ್ ಪುಟದ ಒಂದು ಮಾದರಿ ಹೀಗಿರಬಹುದು: ‘ಇಳಿಜಾರಿನ ಬಾವಿ ಶೇಡಿಯ ಗೆರೆಗೆ 40 ಸೆಂ.ಮೀ. ಬಾಕಿ. ಈ ತಿಂಗಳು ಇಳಿದದ್ದು 55. ಏಪ್ರಿಲ್ 20ರ ಸುಮಾರಿಗೆ ಗೆರೆ ಮುಟ್ಟಬಹುದು. ಹಳ್ಳದ ಹರಿವು ಎಣಿಸಿದಷ್ಟೇ ಇದೆ. ಬಜೆ ಮೀಟರಿನಲ್ಲಿ ಮೂರನೇ ಎರಡು, ನೀರಿನಲ್ಲಿ ಅರ್ಧಕ್ಕಿಂತ ಕಡಿಮೆ. ಮಳೆ ಒಂದು ದಿನ, 12 ಮಿ.ಮೀ., ಲೆಕ್ಕಕ್ಕಿಲ್ಲ. ಅಡಿಕೆಗೆ ದಿನ ಬಿಟ್ಟು ದಿನ ಬಿಡುವವರು ಈಗಿನಿಂದಲೇ ಮೂರು ದಿನಕ್ಕೊಮ್ಮೆ ಮಾಡಿ ನೋಡುವುದು ಒಳ್ಳೆಯದು.’

ಅಂದಾಜಿನ ತಾರೀಕು ಬರೆಯಲು ಹೆದರಬೇಡಿ. ತಪ್ಪಿದರೆ ಮುಂದಿನ ತಿಂಗಳ ಪುಟದ ಮೊದಲ ಸಾಲಿನಲ್ಲೇ, ‘ಕಳೆದ ಸಲ ಹೇಳಿದ್ದು ಆರು ದಿನ ತಪ್ಪಿತು’ ಎಂದು ಬರೆಯಿರಿ. ನನ್ನ ಪುಟ ನಂಬಲು ಜನ ಶುರು ಮಾಡಿದ್ದು, ಬಾವಿಕಟ್ಟೆಯ ಕಲ್ಲಿನ ಕಥೆಯನ್ನು ನಾನೇ ಬರೆದು ಒಪ್ಪಿಕೊಂಡ ತಿಂಗಳಿನಿಂದ.

ಮೇ ಕೊನೆಗೆ ಕಿಂಡಿಗಳ ಹಲಗೆ ತೆಗೆಯುತ್ತಾರೆ. ಆ ತಾರೀಕನ್ನು ಬರೆದು, ಅದೇ ಬೆಳಿಗ್ಗೆ ಮೂರೂ ಬಾವಿಗಳನ್ನು ಕೊನೆಯ ಸಲ ಅಳೆದು, ಅಡಿಗೆ ಒಂದು ಗೆರೆ ಎಳೆದರೆ ಆ ವರ್ಷದ ಪುಸ್ತಕ ಮುಗಿಯಿತು. ಹೊಸ ಪುಟದ ಮೇಲೆ ಜೂನ್ 1 ಎಂದು ಬರೆದು ಮಳೆಮಾಪಕದೊಳಗಿನ ಎಲೆ, ಇರುವೆ ತೆಗೆದು ತೊಳೆದಿಡಿ.